ಟವೆಲ್‌ಗೆ ಸಾಫ್ಟ್‌ನರ್ ಬೇಕಾ?

ಹಾಸ್ಟೆಲ್‌ನಲ್ಲಿ ನಾವು ಕೊನೆಯ ಬಕೆಟ್‌ಗೆ ಒಂದು ಮುಚ್ಚಳ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕ್ತೀವಲ್ಲ, ಅದು ಮಾಡೋದೇನು? ಒದ್ದೆ ಹತ್ತಿ ನೂಲಿಗೆ ನೆಗೆಟಿವ್ ಚಾರ್ಜ್, ಸಾಫ್ಟ್‌ನರ್ ಅಣುವಿಗೆ ಪಾಸಿಟಿವ್. ಹಾಗಾಗಿ ಅಣುಗಳು ನೂಲಿಗೆ ಅಂಟಿಕೊಂಡು, ಕೊಬ್ಬಿನ ಬಾಲವನ್ನು ಹೊರಗೆ ಚಾಚುತ್ತವೆ. ಎಳೆಗಳು ಸಲೀಸಾಗಿ ಜಾರುತ್ತವೆ, ಬಟ್ಟೆ ಮೆತ್ತಗೆ ಅನ್ಸುತ್ತೆ.

ಆದರೆ ಕೊಬ್ಬಿಗೂ ನೀರಿಗೂ ಆಗಿಬರಲ್ಲ. ಪದರ ದಪ್ಪಗಾದಂತೆ ಟವೆಲ್ ನೀರು ಹೀರೋದು ಬಿಟ್ಟು ಮೈಮೇಲೆ ಸವರುತ್ತೆ. ಆಟದ ಜೆರ್ಸಿಯ ಕಥೆಯೂ ಅಷ್ಟೇ. ಸೋಪಿನ ಪುಡಿ ಜೊತೆಗೇ ಹಾಕಿದ್ರಂತೂ ವಿರುದ್ಧ ಚಾರ್ಜ್‌ಗಳು ಒಂದಕ್ಕೊಂದು ಅಂಟಿ ಎರಡೂ ದಂಡ.

ಚಟಪಟ ಅನ್ನೋ ಸ್ವೆಟರ್‌ಗೆ ಬೇಕಿದ್ರೆ ಸ್ವಲ್ಪ ಹಾಕೋಣ. ಟವೆಲ್‌ಗೆ ಬೇಡ. ಅದನ್ನ ಇನ್ನೊಂದು ಸಲ ಜಾಲಿಸಿ, ಚೆನ್ನಾಗಿ ಕೊಡವಿ ಒಣಹಾಕಿದ್ರೆ ಸಾಕು. ಉಳಿದ ದುಡ್ಡು ಕ್ಯಾಂಟೀನ್ ಚಹಾಕ್ಕೆ!