ಕಾಳಿನೊಳಗಣ ಬೂಷ್ಟಿನ ವಿಷವೂ ಅದನ್ನು ಪತ್ತೆಮಾಡುವ ಪಟ್ಟಿಯೂ

1974ನೆಯ ಇಸವಿಯ ಅಂತ್ಯಭಾಗದಲ್ಲಿ ಗುಜರಾತು ಮತ್ತು ರಾಜಸ್ಥಾನಗಳ ಗಡಿಯ ಪಂಚಮಹಲು, ಬಾಂಸವಾಡಾ ಜಿಲ್ಲೆಗಳಲ್ಲಿ ಕಾಮಾಲೆಯೂ ಹೊಟ್ಟೆಯಲ್ಲಿ ನೀರು ತುಂಬುವಿಕೆಯೂ ಕೂಡಿದ ಬೇನೆಯೊಂದು ಹಬ್ಬಿ, ನೂರಕ್ಕೂ ಹೆಚ್ಚು ಮಂದಿ ಮೃತರಾದರು. ಆ ಹಳ್ಳಿಗಳ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ವಿಚಾರಿಸಲಾಗಿ, ಅಕಾಲದ ಮಳೆಗೆ ನೆನೆದ ಮುಸುಕಿನ ಜೋಳವನ್ನು ಚೆನ್ನಾಗಿ ಒಣಗಿಸದೆ ತುಂಬಿಟ್ಟು ಉಂಡದ್ದೇ ಇದಕ್ಕೆ ಕಾರಣವೆಂದು ಕಂಡುಬಂದಿತು.

ಆ ಜೋಳದಲ್ಲಿದ್ದುದು ಅಫ್ಲಟಾಕ್ಸಿನ್ ಎಂಬ ವಿಷ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸುರು ಹಳದಿ ಬೂಷ್ಟು ಇದನ್ನು ಉತ್ಪತ್ತಿಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೆ ಮೇಲ್ಪಟ್ಟು ಟರ್ಕಿ ಕೋಳಿಗಳು ಸತ್ತಾಗ, ಬ್ರೆಜಿಲಿನಿಂದ ಬಂದ ನೆಲಗಡಲೆ ಹಿಂಡಿಯಲ್ಲಿ ಇದು ಮೊದಲು ಗೊತ್ತಾಯಿತು. ಅಡಿಗೆಯ ಶಾಖಕ್ಕೆ ಈ ವಿಷವು ಪೂರ್ತಿಯಾಗಿ ನಾಶವಾಗುವುದಿಲ್ಲ. ಎಣ್ಣೆ ತೆಗೆದಾಗ ಬಹುಭಾಗ ಹಿಂಡಿಯಲ್ಲಿಯೇ ಉಳಿಯುತ್ತದೆ. ಆ ಹಿಂಡಿಯನ್ನು ತಿಂದ ಹಸುವಿನ ಹಾಲಿಗೂ ರೂಪಾಂತರಗೊಂಡು ಇಳಿಯುತ್ತದೆ. ಮಕ್ಕಳುಳ್ಳ ಮನೆಯವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಬೂಷ್ಟು ಕಣ್ಣಿಗೆ ಕಂಡೀತು, ವಿಷವು ಕಾಣದು. ಬೂಷ್ಟನ್ನು ಒರೆಸಿ ತೆಗೆದ ಕಾಳಿನಲ್ಲಿಯೂ ವಿಷವಿರಬಹುದು. ನಮ್ಮ ದೇಶದ ಆಹಾರ ನಿಯಮದಂತೆ ಧಾನ್ಯ, ಬೇಳೆಗಳಲ್ಲಿ ಕಿಲೋ ಒಂದಕ್ಕೆ 15 ಮೈಕ್ರೋಗ್ರಾಮಿಗಿಂತ ಹೆಚ್ಚು ಅಫ್ಲಟಾಕ್ಸಿನ್ ಇರಕೂಡದು. ಎಂದರೆ, ಹತ್ತು ಕ್ವಿಂಟಾಲು ಕಾಳಿನಲ್ಲಿ 15 ಮಿಲಿಗ್ರಾಮು. ಒಂದು ಚಿಟಿಕೆ ಉಪ್ಪಿಗಿಂತ ಬಹಳ ಕಡಿಮೆ.

ಇಷ್ಟು ಅಲ್ಪವನ್ನು ಅಳೆಯಲು ಹಿಂದೆ ಪ್ರಯೋಗಶಾಲೆಯೇ ಗತಿಯಾಗಿತ್ತು. ಈಗ ಜೈವಿಕ ಸಂವೇದಕಗಳು ಬಂದಿರುತ್ತವೆ. ಜೀವಿಗಳಿಂದ ಪಡೆದ ಪದಾರ್ಥವೊಂದು ತನಗೆ ತಕ್ಕ ವಸ್ತುವನ್ನು ಮಾತ್ರ ಹಿಡಿಯುವ ಗುಣವನ್ನು ಇವು ಉಪಯೋಗಿಸುತ್ತವೆ. ರಕ್ತದ ಸಕ್ಕರೆಯನ್ನಳೆಯುವ ಸಣ್ಣ ಯಂತ್ರವೂ ಇದೇ ಕುಲದ್ದು; ಅದರ ಮಾರ್ಗವನ್ನು 1962ರಲ್ಲಿ ಅಮೆರಿಕದ ಲೆಲೆಂಡ್ ಕ್ಲಾರ್ಕ್ ಎಂಬ ವಿದ್ವಾಂಸರು ತೋರಿಸಿದರು. ಅಫ್ಲಟಾಕ್ಸಿನ್ನಿಗೆ ಒದಗುವ ಇಂತಹ ಸಾಧನಗಳಲ್ಲಿ ಅತ್ಯಂತ ಸರಳವಾದದ್ದು ಕಾಗದದ ಪಟ್ಟಿ. ಪಟಾಂಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯು ಹೊಲದ ಬಳಿಯಲ್ಲಿಯೇ ಉಪಯೋಗಿಸಬಹುದಾದ ಇಂತಹ ಸಾಧನವೊಂದನ್ನು 2016ರಲ್ಲಿ ಪ್ರಕಟಪಡಿಸಿತು.

ಕಾಳನ್ನು ನುಣ್ಣಗೆ ಪುಡಿಮಾಡಿ, ಮದ್ಯಸಾರ ಬೆರೆಸಿದ ನೀರಿನಲ್ಲಿ ಕುಲುಕಿ, ಸೋಸಿ, ಆ ರಸವನ್ನು ಪಟ್ಟಿಯ ತುದಿಗೆ ತಾಕಿಸುವರು. ಪಟ್ಟಿಯಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳಿರುತ್ತವೆ. ರಸದಲ್ಲಿ ವಿಷವಿಲ್ಲದಿದ್ದರೆ ಅವು ಮುಂದೆ ಹರಿದು ಪರೀಕ್ಷೆಯ ಸ್ಥಳದಲ್ಲಿ ನಿಂತು ಕೆಂಪು ಗೆರೆಯನ್ನೆಳೆಯುತ್ತವೆ. ವಿಷವಿದ್ದರೆ ಮೊದಲೇ ಅದರೊಡನೆ ಕೂಡಿಹೋದುದರಿಂದ ಗೆರೆ ಮಾಸುತ್ತದೆ, ಇಲ್ಲವೇ ಮೂಡುವುದೇ ಇಲ್ಲ. ಆದುದರಿಂದ ಗೆರೆ ಕಂಡರೆ ಕ್ಷೇಮ, ಕಾಣದಿದ್ದರೆ ಅಪಾಯ. ಲೋಕರೂಢಿಗೆ ಇದು ತಲೆಕೆಳಗಾದ್ದರಿಂದ ತಪ್ಪರ್ಥ ಮಾಡಿಕೊಳ್ಳುವವರೇ ಹೆಚ್ಚು. ಇದರ ಪಕ್ಕದಲ್ಲಿ ಸಾಕ್ಷಿಗೆರೆಯೊಂದು ಯಾವಾಗಲೂ ಮೂಡಲೇಬೇಕು. ಅದೇ ಮೂಡದಿದ್ದಲ್ಲಿ ಪಟ್ಟಿ ಕೆಟ್ಟಿದೆಯೆಂದು ತಿಳಿದು ಬೇರೆಯದನ್ನು ಉಪಯೋಗಿಸತಕ್ಕದ್ದು.

ಆದರೆ ಪಟ್ಟಿ ಎಷ್ಟೇ ಚುರುಕಾಗಿದ್ದರೂ, ಅದು ಸಾಕ್ಷಿ ಹೇಳುವುದು ತನಗೆ ಕೊಟ್ಟ ಹಿಡಿ ಕಾಳಿಗೆ ಮಾತ್ರ. ವಿಷವು ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಬೀಜಗಳಲ್ಲಿ ಒಂದೆರಡೇ ವಿಷಪೂರಿತವಾಗಿದ್ದು ಇಡೀ ಮೂಟೆಯನ್ನು ಕೆಡಿಸಬಲ್ಲವು. ಮೂಟೆಯ ಬಾಯಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿ ಸಮಾಧಾನಪಡುವುದು ಪರೀಕ್ಷೆ ಮಾಡದಿರುವುದಕ್ಕಿಂತಲೂ ಕೆಟ್ಟದ್ದು. ಯೂರೋಪಿನ ನಿಯಮಗಳಲ್ಲಿ ನೆಲಗಡಲೆಯ ದೊಡ್ಡ ರಾಶಿಗೆ ನೂರು ಕಡೆಗಳಿಂದ ತೆಗೆದು 20 ಕಿಲೋ ಕೂಡಿಸಬೇಕೆಂದಿದೆ. ಹಳ್ಳಿಯಲ್ಲಿ ಅಷ್ಟು ಸಾಧ್ಯವಾಗದಿದ್ದರೂ, ಪ್ರತಿ ಮೂಟೆಯ ಮೇಲು, ನಡು, ತಳಗಳಿಂದ ತೆಗೆದು ಕೂಡಿಸಿ, ಎಲ್ಲವನ್ನೂ ಪುಡಿಮಾಡಿ ಕಲಸಿದ ಮೇಲೆಯೇ ಸ್ವಲ್ಪ ಭಾಗವನ್ನು ಪರೀಕ್ಷೆಗೆ ತೆಗೆಯತಕ್ಕದ್ದು. ಗ್ರಾಮದ ಮುಖ್ಯಸ್ಥರು ಮುಂದಾಗಿ ಹತ್ತಾರು ಮನೆಯವರನ್ನು ಕೂಡಿಸಿಕೊಂಡರೆ ಪಟ್ಟಿಯ ಖರ್ಚು ಯಾರಿಗೂ ಹೊರೆಯಾಗದು.

ಗೆರೆ ಮಾಸಿದ ರಾಶಿಯನ್ನು ಬೇರೆಯಾಗಿಟ್ಟು ಪ್ರಯೋಗಶಾಲೆಯಲ್ಲಿ ನಿಶ್ಚಯಿಸಿಕೊಳ್ಳಬೇಕು. ಅಲ್ಲಿಯವರೆಗೆ ಅದನ್ನು ಉಣ್ಣಲೂಬಾರದು, ಹಾಲು ಕೊಡುವ ಹಸುವಿಗೆ ಹಾಕಲೂಬಾರದು. ಸುಕ್ಕಿದ, ಬಣ್ಣಗೆಟ್ಟ, ಹುಳು ಕೊರೆದ ಬೀಜಗಳನ್ನು ಆರಿಸಿ ತೆಗೆದರೆ ವಿಷವು ಬಹುಮಟ್ಟಿಗೆ ಇಳಿಯುವುದುಂಟು. ಪಾವಗಡ, ಚಳ್ಳಕೆರೆಗಳಂತಹ ಕಡೆ ಕಾಯಿ ಬಲಿಯುವ ಕಾಲದಲ್ಲಿ ಮಳೆ ಕೈಕೊಟ್ಟರೆ ಬೂಷ್ಟು ನೆಲದೊಳಗೇ ಕಾಯಿಗೆ ಹೊಗುತ್ತದೆ. ಅಂತಹ ವರ್ಷದ ಫಸಲನ್ನು ಮೊದಲು ಪರೀಕ್ಷಿಸತಕ್ಕದ್ದು. ಕಿತ್ತ ಮೇಲಾದರೋ ಬೀಜದ ತೇವವು ನೂರಕ್ಕೆ 7ಕ್ಕೆ ಇಳಿಯುವವರೆಗೆ, ಅಂದರೆ ಕಾಯಿಯನ್ನು ಕಿವಿಯ ಬಳಿ ಅಲುಗಿಸಿದಾಗ ಬೀಜ ಗಲಗಲನೆ ಸದ್ದುಮಾಡುವವರೆಗೆ ಒಣಗಿಸಿ, ಮೂಟೆಗಳನ್ನು ನೆಲಕ್ಕೂ ಗೋಡೆಗೂ ತಾಕದಂತೆ ಹಲಗೆಯ ಮೇಲೆ ಜೋಡಿಸತಕ್ಕದ್ದು.