ಟಕೋಮಾ ಸೇತುವೆ ಮುರಿದದ್ದು ಅನುರಣನದಿಂದಲ್ಲ

1940ರ ನವೆಂಬರ್ 7ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ನ್ಯಾರೋಸ್ ತೂಗುಸೇತುವೆ ಗಾಳಿಗೆ ತಿರುಚಿಕೊಂಡು ಕುಸಿಯಿತು. ಸಂಚಾರಕ್ಕೆ ತೆರೆದು ನಾಲ್ಕು ತಿಂಗಳಾಗಿತ್ತಷ್ಟೇ. ಅಂದಿನ ಗಾಳಿಯ ವೇಗ ಗಂಟೆಗೆ ಸುಮಾರು 68 ಕಿ.ಮೀ.; ಚಂಡಮಾರುತವೇನಲ್ಲ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಜೀಕು ಏರುವಂತೆ, ಗಾಳಿಯೂ ಸೇತುವೆಯ ಸಹಜ ಆವೃತ್ತಿಗೆ ಸರಿಯಾಗಿ ಅದನ್ನು ತಳ್ಳಿತು ಎಂದು ಎಷ್ಟೋ ಪಠ್ಯಪುಸ್ತಕಗಳು ಹೇಳುತ್ತವೆ. ಇದನ್ನೇ ಅನುರಣನ ಎನ್ನುವುದು. ಆದರೆ ಲೆಕ್ಕಕ್ಕೆ ಕೂತರೆ ಈ ವಿವರಣೆ ನಿಲ್ಲುವುದಿಲ್ಲ.

ಅನುರಣನಕ್ಕೆ ಹೊರಗಿನಿಂದ ತಾಳಬದ್ಧವಾದ ಬಲ ಬೇಕು. ಒಂದೇ ಸಮನೆ ಬೀಸುವ ಗಾಳಿಯಲ್ಲಿ ಅಂಥ ತಾಳ ಹುಟ್ಟುವುದು, ಅಡ್ಡ ಬಂದ ವಸ್ತುವಿನ ಹಿಂದೆ ಮೇಲೊಮ್ಮೆ ಕೆಳಗೊಮ್ಮೆ ಕಳಚಿಕೊಳ್ಳುವ ಸುಳಿಗಳಿಂದ. ಟಕೋಮಾದ ಇಕ್ಕೆಲದ ಉಕ್ಕಿನ ತೊಲೆಗಳು 2.4 ಮೀಟರ್ ಎತ್ತರದ ಗಟ್ಟಿ ಗೋಡೆಗಳಂತಿದ್ದವು. ಆ ಎತ್ತರಕ್ಕೆ, ಆ ವೇಗಕ್ಕೆ ಸುಳಿಗಳು ಕಳಚುವುದು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ. ಸೇತುವೆ ತಿರುಚುತ್ತಿದ್ದದ್ದು ಐದು ಸೆಕೆಂಡಿಗೊಮ್ಮೆ. 1991ರಲ್ಲಿ ಸಂಶೋಧಕರಾದ ಬಿಲ್ಲಾ ಮತ್ತು ಸ್ಕ್ಯಾನ್ಲನ್ ತಮ್ಮ ಪ್ರಬಂಧದಲ್ಲಿ ಎತ್ತಿ ತೋರಿಸಿದ್ದು ಈ ತಾಳಮೇಳವಿಲ್ಲದ ಸ್ಥಿತಿಯನ್ನೇ. ಹಾಗಾದರೆ ತಾಳ ಹಾಕಿದ್ದು ಯಾರು? ಸೇತುವೆಯೇ. ರಸ್ತೆಯ ಹಾಸು ಸ್ವಲ್ಪ ತಿರುಚಿದರೆ ಗಾಳಿಗೆ ಅದು ಒಡ್ಡುವ ಕೋನ ಬದಲಾಗುತ್ತದೆ, ಅದರೊಂದಿಗೆ ಗಾಳಿಯ ಬಲವೂ ಬದಲಾಗುತ್ತದೆ. ಆದರೆ ಈ ಬದಲಾವಣೆ ಚಲನೆಗಿಂತ ತುಸು ತಡವಾಗಿ ಬರುತ್ತದೆ. ಆ ತಡದಿಂದಾಗಿ ಬಲವು ಚಲನೆಯನ್ನು ತಡೆಯುವ ಬದಲು ಅದರ ದಿಕ್ಕಿನಲ್ಲೇ ನೂಕಬಹುದು. ಪ್ರತಿ ಸುತ್ತಿನಲ್ಲೂ ಗಾಳಿಯಿಂದ ಬರುವ ಶಕ್ತಿ, ಉಕ್ಕು ಮತ್ತು ಜೋಡಣೆಗಳು ಕರಗಿಸುವ ಶಕ್ತಿಯನ್ನು ಮೀರಿದರೆ ತೂಗಾಟ ತಾನಾಗಿಯೇ ಬೆಳೆಯುತ್ತದೆ. ವಿಮಾನ ಎಂಜಿನಿಯರರು ಇದನ್ನು ಫ್ಲಟರ್ ಎನ್ನುತ್ತಾರೆ. ರೆಕ್ಕೆಯಲ್ಲಿ ಸಾಮಾನ್ಯವಾಗಿ ಬಾಗುವಿಕೆ, ತಿರುಚುವಿಕೆ ಎರಡೂ ಕೈಜೋಡಿಸುತ್ತವೆ. ಟಕೋಮಾಕ್ಕೆ ತಿರುಚುವಿಕೆಯೊಂದೇ ಸಾಕಾಯಿತು.

ಸೇತುವೆ ತೆರೆದಾಗಿನಿಂದಲೂ ಸಣ್ಣ ಗಾಳಿಗೇ ಏರಿಳಿಯುತ್ತಿತ್ತಲ್ಲ, ಅದು ಸುಳಿಗಳ ಕೆಲಸವಲ್ಲವೇ ಎಂದು ಕೇಳಬಹುದು. ಹೌದು, ಆದರೆ ಆ ಏರಿಳಿತ ಒಂದು ಮಿತಿಯಲ್ಲೇ ನಿಲ್ಲುತ್ತಿತ್ತು. ವಿನಾಶದ ತಿರುಚಾಟ ಶುರುವಾದದ್ದು ಅಂದು ಬೆಳಿಗ್ಗೆ, ನಡುಭಾಗದಲ್ಲಿ ಕೇಬಲ್ಲನ್ನು ಬಿಗಿಹಿಡಿದಿದ್ದ ಪಟ್ಟಿ ಜಾರಿದ ಮೇಲೆ. ಆಗ ಎದ್ದ ದೊಡ್ಡ ಸುಳಿಗಳು ತಿರುಚಾಟದ ಫಲ, ಕಾರಣವಲ್ಲ. ಇದು ಬರೀ ಹೆಸರಿನ ಜಗಳ ಎನ್ನುವವರೂ ಇದ್ದಾರೆ. ಆದರೆ ರೋಗ ಬೇರೆಯಾದರೆ ಮದ್ದೂ ಬೇರೆ. ಸುಳಿಗಳ ಅನುರಣನವಾದರೆ ಅಪಾಯ ಕೆಲವು ವೇಗಗಳಿಗಷ್ಟೇ ಸೀಮಿತ. ಫ್ಲಟರ್ ಹಾಗಲ್ಲ, ವೇಗ ಒಂದು ಹೊಸ್ತಿಲು ದಾಟಿದ ಮೇಲೆ ಗಾಳಿ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆದ್ದರಿಂದ ಆ ಹೊಸ್ತಿಲನ್ನೇ ಅಲ್ಲಿ ಬೀಸಬಹುದಾದ ಯಾವ ಗಾಳಿಗೂ ಎಟುಕದಷ್ಟು ಮೇಲಕ್ಕೇರಿಸಬೇಕು. 1950ರಲ್ಲಿ ತೆರೆದ ಹೊಸ ಸೇತುವೆಗೆ ಗಟ್ಟಿ ತೊಲೆಗಳ ಬದಲು ಸುಮಾರು 10 ಮೀಟರ್ ಎತ್ತರದ ಜಾಲರಿ ಚೌಕಟ್ಟನ್ನೂ, ಹಾಸಿನಲ್ಲಿ ಗಾಳಿ ನುಸುಳಲು ಸಂದುಗಳನ್ನೂ ಕೊಟ್ಟದ್ದು ಇದಕ್ಕಾಗಿ. ಸೇತುವೆ ಎಷ್ಟು ಭಾರ ಹೊರಬಲ್ಲದು ಎಂದು ಕೇಳಿದರಷ್ಟೇ ಸಾಲದು. ಅದು ಅಲುಗಿದಾಗ ಗಾಳಿ ಆ ಅಲುಗಾಟವನ್ನು ತಣಿಸುತ್ತದೋ ಬೆಳೆಸುತ್ತದೋ ಎಂದೂ ಕಟ್ಟುವ ಮೊದಲೇ ಕೇಳಬೇಕು.