ಚೆನ್ನೈಯ ಮನೆತನದ ಆಂಬ್ಯುಲೆನ್ಸ್‌ಗಳು

ಚೆನ್ನೈಯ ಸೆಂಟ್ರಲ್ ರೈಲು ನಿಲ್ದಾಣದ ಇದಿರಿಗಿರುವ ಸರ್ಕಾರಿ ಮಹಾಚಿಕಿತ್ಸಾಲಯವು, 1664ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗೆ ಈಸ್ಟ್ ಇಂಡಿಯಾ ಕಂಪನಿಯ ಸೈನಿಕರ ಶುಶ್ರೂಷೆಗಾಗಿ ಹುಟ್ಟಿ, 1772ರಲ್ಲಿ ಈಗಿನ ನೆಲೆಗೆ ಬಂದು, ಇಂದು ರಾಜೀವ್ ಗಾಂಧಿಯವರ ಹೆಸರನ್ನು ಹೊತ್ತಿದ್ದರೂ ಊರವರ ಬಾಯಲ್ಲಿ ಬರಿಯ ‘ಜಿ.ಎಚ್.’ ಆಗಿಯೇ ಉಳಿದಿದೆ. ಅದರ ಹೊರಗೂ, ಕೀಳ್ಪಾಕ್ಕಂ, ಗ್ರೀಮ್ಸ್ ರಸ್ತೆಗಳ ಆಸ್ಪತ್ರೆಗಳ ಆಸುಪಾಸಿನಲ್ಲಿಯೂ ಹಗಲಿರುಳೆನ್ನದೆ ನಿಂತಿರುವ ಬಿಳಿಯ ವಾಹನಗಳಲ್ಲಿ ಎಷ್ಟೋ ಸರ್ಕಾರಕ್ಕೂ ಸೇರಿದವಲ್ಲ, ಆಸ್ಪತ್ರೆಗಳಿಗೂ ಸೇರಿದವಲ್ಲ. ಸಣ್ಣ ಸಣ್ಣ ಮನೆತನಗಳಿಗೆ ಸೇರಿದವು.

ಇಂಥ ಮನೆತನಗಳ ಚರಿತ್ರೆಯು ಸಾಮಾನ್ಯವಾಗಿ ಒಂದೇ ವಾಹನದಿಂದ ಮೊದಲಾಗುವುದು. ಬಾಡಿಗೆಗೆ ವ್ಯಾನು ಓಡಿಸುತ್ತಿದ್ದವನೊಬ್ಬನು, ಆಸ್ಪತ್ರೆಯ ಬಾಗಿಲಿಗೆ ಹೋಗಿಬರುವುದೇ ತನಗೆ ಹೆಚ್ಚಾಗಿರುವುದನ್ನು ಕಂಡು, ಹಿಂದಿನ ಆಸನಗಳನ್ನು ಕಿತ್ತು ಸ್ಟ್ರೆಚರನ್ನಿರಿಸಿ, ಒಂದು ಆಮ್ಲಜನಕದ ಸಿಲಿಂಡರನ್ನು ಕಟ್ಟಿಕೊಂಡು ನಿಲ್ಲುತ್ತಾನೆ. ಕಾಲಕ್ರಮದಲ್ಲಿ ತಮ್ಮನೋ ಮಗನೋ ಎರಡನೆಯ ವಾಹನದ ಚಕ್ರ ಹಿಡಿಯುತ್ತಾನೆ. ಮನೆಯ ಹೆಂಗಸರು ಲೆಕ್ಕವನ್ನೂ ನಡುರಾತ್ರಿಯ ಕರೆಗಳನ್ನೂ ನೋಡಿಕೊಳ್ಳುತ್ತಾರೆ. ಕರೆ ಬಂದಾಗ ಏಳಲೇಬೇಕೆಂಬ ನಿಯಮವು ಸಂಬಳದ ನೌಕರನಿಗಿಂತಲೂ ಮನೆಯವರಿಗೆ ಸುಲಭವಾಗಿ ಅಭ್ಯಾಸವಾಗುವುದರಿಂದಲೇ ಈ ಉದ್ಯಮವು ಬಹುಮಟ್ಟಿಗೆ ಕುಟುಂಬಗಳ ಕೈಯಲ್ಲಿ ಉಳಿದಿರುವುದೆಂದು ನನ್ನ ನಂಬಿಕೆ.

ಗಾಯಾಳುವನ್ನು ಚಿಕಿತ್ಸೆಯ ಬಳಿಗೆ ಬೇಗನೆ ಒಯ್ಯಬೇಕೆಂಬ ವಿಚಾರವನ್ನು ವ್ಯವಸ್ಥೆಯಾಗಿ ರೂಪಿಸಿದವರಲ್ಲಿ ನೆಪೋಲಿಯನ್ನನ ಸೈನ್ಯದ ವೈದ್ಯನಾದ ಲ್ಯಾರೆಯು ಮೊದಲಿಗನು. ನಾಗರಿಕರ ಪಾಲಿಗೆ ಅದು ಬಂದದ್ದು ದುರಂತಗಳ ಬೆನ್ನಿನಲ್ಲಿ: 1881ರ ಡಿಸೆಂಬರ್ 8ರಂದು ವಿಯೆನ್ನಾದ ರಿಂಗ್ ನಾಟಕಶಾಲೆಯು ಉರಿದು ನೂರಾರು ಜನ ಮಡಿದ ಮರುದಿನವೇ ಅಲ್ಲಿ ಸ್ವಯಂಸೇವಕರ ರಕ್ಷಣಾ ಸಂಘವು ಹುಟ್ಟಿತು. ನಮ್ಮಲ್ಲಿಯಾದರೋ ಎಲ್ಲರಿಗೂ ನಿಲುಕುವ ವ್ಯವಸ್ಥೆಯೊಂದು ಬರಲು ಇಪ್ಪತ್ತೊಂದನೆಯ ಶತಮಾನವೇ ಬೇಕಾಯಿತು. 2008ರ ಸೆಪ್ಟೆಂಬರ್ 15ರಂದು, ಮಾಜಿ ಮುಖ್ಯಮಂತ್ರಿ ಅಣ್ಣಾದೊರೆಯವರ ಜನ್ಮದಿನದಂದು, ತಮಿಳುನಾಡಿನಲ್ಲಿ 108ರ ಉಚಿತ ಆಂಬ್ಯುಲೆನ್ಸ್ ಸೇವೆ ಆರಂಭವಾಯಿತು. ಅದೇ ವರ್ಷದ ರಾಜ್ಯೋತ್ಸವದ ದಿನ ಕರ್ನಾಟಕದಲ್ಲಿ ಅದೇ ಬಗೆಯ ‘ಆರೋಗ್ಯ ಕವಚ’ ಸೇವೆಯು ಮೊದಲಾಯಿತು.

ಉಚಿತ ಸೇವೆ ಬಂದ ಮೇಲೆ ಬಾಡಿಗೆಯ ಆಂಬ್ಯುಲೆನ್ಸ್‌ಗೆ ಏನು ಕೆಲಸವೆಂದು ಕೇಳುವವರುಂಟು. 108 ಇರುವುದು ತುರ್ತುಸ್ಥಿತಿಗಾಗಿ. ಅಪಘಾತವಾದವನನ್ನು, ಎದೆನೋವೆದ್ದವನನ್ನು, ಹೆರಿಗೆಯ ಬೇನೆ ತಿನ್ನುವವಳನ್ನು ತಕ್ಕ ಆಸ್ಪತ್ರೆಗೆ ಮುಟ್ಟಿಸುವುದು ಅದರ ಧರ್ಮ. ಆದರೆ ರೋಗವೆಂಬುದು ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುವುದಿಲ್ಲವಷ್ಟೆ. ವಾರಕ್ಕೆರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗಬೇಕಾದ, ಮಹಡಿಯಿಂದ ಇಳಿಯಲಾರದ ವೃದ್ಧರು; ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾಗಿ ಮಲಗಿದಂತೆಯೇ ಮನೆ ಸೇರಬೇಕಾದವರು; ಚಿಕಿತ್ಸೆಗೆಂದು ಕೋಲಾರದಿಂದಲೋ ಬೆಂಗಳೂರಿನಿಂದಲೋ ಚೆನ್ನೈಗೆ ಬಂದು, ಇನ್ನು ಊರಿಗೆ ಕರೆದೊಯ್ಯಿರೆಂದು ವೈದ್ಯರಿಂದ ಹೇಳಿಸಿಕೊಂಡವರು — ಇವರೆಲ್ಲರನ್ನೂ ಹೊರುವ ಭಾರವು ಈ ಖಾಸಗಿ ವಾಹನಗಳ ಮೇಲೆ ಬಿದ್ದಿದೆ. ಕೊನೆಯುಸಿರು ಹೋದ ಮೇಲಿನ ಕೆಲಸವನ್ನೂ ಇವರಲ್ಲಿ ಅನೇಕರು ಮಾಡುತ್ತಾರೆ: ದೂರದೂರಿನ ಮಕ್ಕಳು ಬರುವ ತನಕ ದೇಹವನ್ನಿರಿಸಲು ಫ್ರೀಜರ್ ಪೆಟ್ಟಿಗೆಯನ್ನು ಮನೆಗೆ ತಂದಿಡುವುದು, ಆಸ್ಪತ್ರೆಯ ಮರಣಪತ್ರವನ್ನೂ, ಅಪಘಾತದ ಪ್ರಕರಣವಾದರೆ ಪೊಲೀಸರ ಕಾಗದವನ್ನೂ ಜೋಡಿಸಿಕೊಂಡು ರಾಜ್ಯದ ಗಡಿ ದಾಟಿಸುವುದು. ದುಃಖದಲ್ಲಿ ಕೈಕಾಲಾಡದೆ ಕುಳಿತ ಮನೆಯವರಿಗೆ, ಮುಂದೇನು ಮಾಡಬೇಕೆಂದು ಶಾಂತವಾಗಿ ಹೇಳಬಲ್ಲ ಇಂಥವನೊಬ್ಬನ ಉಪಕಾರವನ್ನು ಹಣದಿಂದ ಅಳೆಯುವುದು ಕಷ್ಟ.

ಆದರೆ ಎಲ್ಲ ವಾಹನಗಳೂ ಒಂದೇ ಅಲ್ಲವೆಂಬುದನ್ನು ಬಾಡಿಗೆಗೆ ಪಡೆಯುವವರು ಅರಿತಿರಬೇಕು. ರಾಷ್ಟ್ರೀಯ ಆಂಬ್ಯುಲೆನ್ಸ್ ಸಂಹಿತೆಯು ಇವನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ: ಮೊದಲನೆಯದು ಸ್ಥಳಕ್ಕೆ ಬೇಗನೆ ತಲಪಿ ಪ್ರಥಮೋಪಚಾರ ಮಾಡಲು, ಎರಡನೆಯದು ಸ್ಥಿರವಾಗಿರುವ ರೋಗಿಯನ್ನು ಸಾಗಿಸಲು, ಮೂರನೆಯದು ಮೂಲಭೂತ ಜೀವರಕ್ಷಣೆಗೆ, ನಾಲ್ಕನೆಯದು ವೆಂಟಿಲೇಟರ್ ಮೊದಲಾದವುಗಳೊಡನೆ ಉನ್ನತ ಜೀವರಕ್ಷಣೆಗೆ. ಆಮ್ಲಜನಕದ ಲೆಕ್ಕವಂತೂ ಬಹಳ ಮುಖ್ಯ. ಸಾಮಾನ್ಯ ಸಣ್ಣ ಸಿಲಿಂಡರಿನಲ್ಲಿರುವುದು ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರ್ ಬೇಕಾಗುವ ರೋಗಿಗೆ ಅದು ಎರಡೂವರೆ ಗಂಟೆ ಮಾತ್ರ ಸಾಕು. ಚೆನ್ನೈಯಿಂದ ಬೆಂಗಳೂರಿಗಾದರೋ ಸುಮಾರು 350 ಕಿಲೋಮೀಟರ್. ಆರು ಏಳು ಗಂಟೆಗಳ ಹಾದಿ. ಸುಮಾರು 7,000 ಲೀಟರ್ ಹಿಡಿಯುವ ದೊಡ್ಡ ಸಿಲಿಂಡರು, ಮೇಲೊಂದು ಮೀಸಲು, ಇವಿಲ್ಲದೆ ಹೊರಡುವವನನ್ನು ಅನುಭವಿಯೆಂದು ಕರೆಯಲಾಗದು.

ಈ ಉದ್ಯಮದ ಮೇಲಿನ ದೂರುಗಳು ಸುಳ್ಳಲ್ಲ. 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆ ಏರಿದ್ದಾಗ, ಹಾಸಿಗೆ ಸಿಗದ ರೋಗಿಗಳನ್ನು ಒಳಗಿರಿಸಿಕೊಂಡು ಜಿ.ಎಚ್. ಎದುರು ಆಂಬ್ಯುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದುದನ್ನು ನಾಡೇ ಕಂಡಿತು. ಅದೇ ಹೊತ್ತಿನಲ್ಲಿ ಕೆಲವರು ಬಾಯಿಗೆ ಬಂದ ಬಾಡಿಗೆ ಕೇಳಿದರೆಂಬ ಮಾತೂ ಎದ್ದಿತು. ಆಗ ತಮಿಳುನಾಡು ಸರ್ಕಾರವು ಮೊದಲ 10 ಕಿಲೋಮೀಟರಿಗೆ ಸಾಧಾರಣ ವಾಹನಕ್ಕೆ 1,500, ಮೂಲಭೂತ ಜೀವರಕ್ಷಣೆಯದಕ್ಕೆ 2,000, ಉನ್ನತ ಜೀವರಕ್ಷಣೆಯದಕ್ಕೆ 4,000 ರೂಪಾಯಿಗಳೆಂದು ದರವನ್ನು ಗೊತ್ತುಮಾಡಿತು. ಸಂಕಟಕಾಲದ ಲೋಭಕ್ಕೆ ಕ್ಷಮೆಯಿಲ್ಲ. ಹಾಗೆಂದು ಸೋಂಕಿನ ಭಯದಲ್ಲಿ ಬಂಧುಗಳೇ ದೂರ ನಿಂತಾಗ ದೇಹಕ್ಕೆ ಹೆಗಲು ಕೊಟ್ಟವರನ್ನು ಅದೇ ಸಾಲಿಗೆ ಸೇರಿಸುವುದು ಅನ್ಯಾಯ.

ಆಂಬ್ಯುಲೆನ್ಸ್‌ಗೆ ದಾರಿ ಬಿಡಲು ನಗರವು ಮನಸ್ಸು ಮಾಡಿದರೆ ಏನಾಗಬಲ್ಲುದೆಂಬುದಕ್ಕೆ ಚೆನ್ನೈಯೇ ಒಂದು ನಿದರ್ಶನವನ್ನು ಕೊಟ್ಟಿದೆ. 2008ರ ಸೆಪ್ಟೆಂಬರಿನಲ್ಲಿ ಅಪಘಾತದಿಂದ ಮೆದುಳು ನಿಷ್ಕ್ರಿಯವಾದ ಹಿತೇಂದ್ರನ್ ಎಂಬ ಬಾಲಕನ ಅಂಗಾಂಗಗಳನ್ನು ವೈದ್ಯರಾದ ಆತನ ತಂದೆತಾಯಿಗಳು ದಾನವಿತ್ತರು. ಪೊಲೀಸರು ಹಾದಿಯುದ್ದಕ್ಕೂ ಸಂಚಾರವನ್ನು ತೆರವುಗೊಳಿಸಿದ್ದರಿಂದ ಹೃದಯವು ಹನ್ನೊಂದು ನಿಮಿಷಗಳಲ್ಲಿ ಮುಗಪ್ಪೇರಿನ ಆಸ್ಪತ್ರೆಗೆ ತಲಪಿ, ಬೆಂಗಳೂರಿನ ಒಂಬತ್ತು ವರ್ಷದ ಬಾಲಕಿಯೊಬ್ಬಳಿಗೆ ಜೋಡಣೆಯಾಯಿತು. ದಿನನಿತ್ಯದ ರೋಗಿಗೆ ಅಂಥ ತೆರವು ದೊರೆಯದು. ತುರ್ತುವಾಹನಕ್ಕೆ ದಾರಿ ಬಿಡದವನಿಗೆ 10,000 ರೂಪಾಯಿಗಳ ದಂಡ, ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಲು 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಅವಕಾಶವಿದೆಯಾದರೂ, ಅಣ್ಣಾ ಸಾಲೆಯ ಸಂಜೆಯ ದಟ್ಟಣೆಯಲ್ಲಿ ಸೈರನ್ನಿಗೆ ಕಿವಿಗೊಡುವವರಿಗಿಂತ ಅದರ ಹಿಂದೆಯೇ ನುಸುಳಿಕೊಂಡು ಹೋಗುವವರೇ ಹೆಚ್ಚು.

ವಾಹನವನ್ನು ಗೊತ್ತುಮಾಡುವವರು ಅವಸರದಲ್ಲಿಯೂ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಲೇಬೇಕು: ರೋಗಿಯ ಪಕ್ಕದಲ್ಲಿ ಕೂರುವವನು ತರಬೇತಿ ಪಡೆದವನೇ, ಆಮ್ಲಜನಕ ದಾರಿಗೆ ಸಾಲುವುದೇ, ಹಿಂದಿರುಗುವ ಬರಿಗಾಡಿಗೂ ಬಾಡಿಗೆ ಕೊಡಬೇಕೇ, ಸುಂಕದ ಹಣ ಯಾರ ಪಾಲು. ತಲೆಮಾರಿನಿಂದ ಈ ಕೆಲಸದಲ್ಲಿರುವ ಮನೆಯವನಾದರೆ, ನೀವು ಕೇಳುವ ಮುನ್ನವೇ ಇಷ್ಟನ್ನೂ ಹೇಳಿ, ರೋಗಿಯ ಸ್ಥಿತಿಯೇನೆಂದು ತಾನೇ ವೈದ್ಯರನ್ನು ವಿಚಾರಿಸಿದ ಮೇಲೆಯೇ ವಾಹನ ಕಳುಹಿಸುತ್ತಾನೆ.